ಕೈಗಾ, ಹರಿಪುರ ಮತ್ತು ನಮ್ಮ ಮನಸ್ಸಿನ ತಕ್ಕಡಿ



ಕೋಲ್ಕತ್ತದಲ್ಲಿರುವ ನಮಗೆಲ್ಲ ಎರಡು ದಿನ ರಜೆ ಸಿಕ್ಕರೆ ನೆನಪಾಗುವ ಊರು ದೀಘಾ. ಆ ದಾರಿಯಲ್ಲಿ ರೂಪನಾರಾಯಣ ನದಿ ದಾಟುವಾಗ ಕೋಲಾಘಾಟ್ ಉಷ್ಣ ವಿದ್ಯುತ್ ಸ್ಥಾವರದ ಎತ್ತರದ ಚಿಮಣಿಗಳು ಕಾಣುತ್ತವೆ. ಮಕ್ಕಳು ಕಿಟಕಿಯಿಂದ ಬೆರಳು ತೋರಿಸುತ್ತವೆ. ದೊಡ್ಡವರು ಅಲ್ಲಿನ ಇಲಿಶ್ ಮೀನಿನ ಮಾತಾಡುತ್ತಾರೆ. ಕಲ್ಲಿದ್ದಲ ಹಾರುಬೂದಿ ಸುತ್ತಲಿನ ಹೊಲಗಳ ಮೇಲೆ ಬೀಳುತ್ತದೆಂದು ಅಲ್ಲಿಯ ರೈತರು ಎಷ್ಟೋ ವರ್ಷಗಳಿಂದ ದೂರುತ್ತಿದ್ದಾರೆ. ಆದರೂ ಆ ಚಿಮಣಿ ನೋಡಿ ಹೆದರಿ ಯಾರೂ ಬಸ್ಸು ತಿರುಗಿಸುವುದಿಲ್ಲ.

ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋದರೆ ಕಾಂಥಿ. ಅದರ ಹತ್ತಿರ, ಜುನ್‌ಪುಟ್ ಕಡಲತೀರದ ಬಳಿ, ಹರಿಪುರ ಎಂಬ ಊರಿದೆ. ಅಲ್ಲಿ ರಷ್ಯದ ನೆರವಿನಿಂದ ಆರು ಪರಮಾಣು ರಿಯಾಕ್ಟರುಗಳನ್ನು ಕಟ್ಟುವ ಯೋಜನೆ ಇತ್ತು. 2006ರಲ್ಲಿ ಸ್ಥಳ ನೋಡಲು ಬಂದ ತಂಡವನ್ನು ಊರವರು ದಾರಿಯಲ್ಲೇ ತಡೆದರು. 2011ರ ಆಗಸ್ಟ್‌ನಲ್ಲಿ ಹೊಸ ರಾಜ್ಯ ಸರ್ಕಾರ ಈ ಯೋಜನೆ ನಮಗೆ ಬೇಡವೆಂದಿತು. ಒಂದು ಇಟ್ಟಿಗೆಯನ್ನೂ ಇಡದೆ ಯೋಜನೆ ಮುಗಿಯಿತು.

ಕೋಲಾಘಾಟ್ ಮತ್ತು ಹರಿಪುರ ಎರಡೂ ಪೂರ್ವ ಮೇದಿನಿಪುರ ಜಿಲ್ಲೆಯವೇ. ಒಂದು ಕಡೆ ದಿನವೂ ಹೊಗೆ ಉಗುಳುವ ಸ್ಥಾವರವನ್ನು ಜನ ಸಹಿಸಿಕೊಂಡರು. ಇನ್ನೊಂದು ಕಡೆ ಇನ್ನೂ ಹುಟ್ಟದ ಸ್ಥಾವರವನ್ನು ಬಾಗಿಲಲ್ಲೇ ತಡೆದರು. ಏಕೆ?

"ಜನರಿಗೆ ತಿಳಿವಳಿಕೆ ಇಲ್ಲ" ಎಂದು ಇಂಜಿನಿಯರುಗಳು ಹೇಳಿಬಿಡುತ್ತಾರೆ. "ಸರ್ಕಾರ ಸುಳ್ಳು ಹೇಳುತ್ತದೆ" ಎಂದು ಚಳವಳಿಗಾರರು ಹೇಳುತ್ತಾರೆ. ಈ ಎರಡೂ ಮಾತುಗಳ ನಡುವೆ ಮೂರನೆಯ ಸಂಗತಿಯೊಂದಿದೆ. ಅದು ಮನುಷ್ಯನ ಮನಸ್ಸು ಅಪಾಯವನ್ನು ತೂಗುವ ರೀತಿ. ಈ ಸಲ ಆ ತಕ್ಕಡಿಯನ್ನು ಸ್ವಲ್ಪ ಬಿಚ್ಚಿ ನೋಡೋಣ. ಉದಾಹರಣೆಗೆ ದೂರ ಹೋಗಬೇಕಿಲ್ಲ. ಇಲ್ಲಿ ಹರಿಪುರ ಇದೆ, ನಮ್ಮ ನಾಡಿನಲ್ಲಿ ಕೈಗಾ ಇದೆ.

ನಾವೇ ಆರಿಸಿಕೊಂಡ ಅಪಾಯ, ನಮ್ಮ ಮೇಲೆ ಹೇರಿದ ಅಪಾಯ

1969ರಲ್ಲಿ ಅಮೆರಿಕದ ಚಾನ್ಸಿ ಸ್ಟಾರ್ ಎಂಬ ಇಂಜಿನಿಯರ್ ಒಂದು ಲೇಖನ ಬರೆದರು. ಅವರು ಸ್ವತಃ ಪರಮಾಣು ತಂತ್ರಜ್ಞಾನದವರು. ಸಮಾಜ ಎಷ್ಟು ಅಪಾಯವನ್ನು ಸಹಿಸಿಕೊಳ್ಳುತ್ತದೆ ಎಂಬುದು ಅವರ ಪ್ರಶ್ನೆ. ಅವರ ಲೆಕ್ಕದಲ್ಲಿ, ತಾನಾಗಿ ಒಪ್ಪಿಕೊಂಡ ಅಪಾಯವಾದರೆ ಜನ ಅದನ್ನು ಹೇರಿದ ಅಪಾಯಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಸಹಿಸುತ್ತಾರೆ.

ಇದು ನಮಗೆ ಹೊಸದಲ್ಲ. ಜರ್ದಾ ಪಾನ್ ಹಾಕಿಕೊಂಡು, ಓಡುತ್ತಿರುವ ಮಿನಿಬಸ್ಸಿನ ಬಾಗಿಲಿಗೆ ಜೋತುಬಿದ್ದು ಆಫೀಸಿಗೆ ಹೋಗುವ ಮನುಷ್ಯನೇ, ತನ್ನ ಮನೆಯ ಮುಂದೆ ಮೊಬೈಲ್ ಗೋಪುರ ಎದ್ದರೆ ಜಗಳಕ್ಕೆ ನಿಲ್ಲುತ್ತಾನೆ. ಅವನನ್ನು ದಡ್ಡ ಎನ್ನಬೇಡಿ. ಪಾನ್ ಅವನ ಆಯ್ಕೆ, ಗೋಪುರ ಇನ್ನೊಬ್ಬರ ಆಯ್ಕೆ. "ಎಷ್ಟು ಅಪಾಯ" ಎಂಬ ಪ್ರಶ್ನೆಯ ಜೊತೆಗೇ "ಯಾರು ನಿರ್ಧರಿಸಿದರು" ಎಂಬ ಪ್ರಶ್ನೆಯನ್ನೂ ಮನಸ್ಸು ಕೇಳುತ್ತದೆ.

ಈ ಕಣ್ಣಿನಿಂದ ಕೈಗಾ ನೋಡಿ. ಉತ್ತರ ಕನ್ನಡದಲ್ಲಿ ಕಾಳಿ ನದಿಯ ದಂಡೆಯ ಮೇಲೆ ಕಾಡಿನ ನಡುವೆ ಈ ಸ್ಥಾವರವಿದೆ. ಅದು ಬರುವ ಮೊದಲೇ ಕಾಳಿ ಕಣಿವೆಯ ಜನ ಅಣೆಕಟ್ಟುಗಳ ಹೆಸರಿನಲ್ಲಿ ಮನೆಮಠ ಬಿಟ್ಟಿದ್ದರು. ಸೂಪಾ ಎಂಬ ಊರೇ ನೀರಿನಲ್ಲಿ ಮುಳುಗಿತ್ತು. ಕಾರವಾರದ ಕಡಲಂಚಿನಲ್ಲಿ 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಹಾಗೆ ಒಂದರ ಮೇಲೊಂದು ಯೋಜನೆ ಕಂಡ ಜಿಲ್ಲೆಗೆ ಅಣುಸ್ಥಾವರವೂ ಬಂದಾಗ, ಎಷ್ಟು ಮಿಲಿಸೀವರ್ಟ್ ವಿಕಿರಣ ಎಂಬ ಲೆಕ್ಕಕ್ಕಿಂತ ಮೊದಲು ಜನರ ಬಾಯಿಗೆ ಬಂದದ್ದು "ಮತ್ತೆ ನಾವೇ ಯಾಕೆ?" ಎಂಬ ಪ್ರಶ್ನೆ.

ಕಾಣದ ವೈರಿ

1970ರ ದಶಕದ ಕೊನೆಯಲ್ಲಿ ಪಾಲ್ ಸ್ಲೋವಿಕ್ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ ಒಂದು ಸಮೀಕ್ಷೆ ಮಾಡಿದರು. ಮೂವತ್ತು ಅಪಾಯಗಳ ಪಟ್ಟಿ ಕೊಟ್ಟು, ಹೆಚ್ಚು ಅಪಾಯದಿಂದ ಕಡಿಮೆ ಅಪಾಯದ ಕಡೆಗೆ ಜೋಡಿಸಲು ಹೇಳಿದರು. ಪಟ್ಟಿಯಲ್ಲಿ ಸಿಗರೇಟು, ಮೋಟಾರು ವಾಹನ, ಬಂದೂಕು, ಈಜು ಎಲ್ಲವೂ ಇದ್ದವು. ಮಹಿಳಾ ಮತದಾರರ ಸಂಘದವರೂ ಕಾಲೇಜು ವಿದ್ಯಾರ್ಥಿಗಳೂ ಪರಮಾಣು ವಿದ್ಯುತ್ತಿಗೆ ಮೊದಲ ಸ್ಥಾನ ಕೊಟ್ಟರು. ಅಪಾಯದ ಲೆಕ್ಕ ಹಾಕುವುದೇ ವೃತ್ತಿಯಾದ ತಜ್ಞರು ಅದನ್ನು ಇಪ್ಪತ್ತನೆಯ ಸ್ಥಾನಕ್ಕಿಳಿಸಿದರು.

ಸ್ಲೋವಿಕ್ ಇಲ್ಲಿಗೇ ನಿಲ್ಲಲಿಲ್ಲ. ತಜ್ಞರು ಸಾವಿನ ಸಂಖ್ಯೆಯನ್ನು ಎಣಿಸುತ್ತಾರೆ, ಸಾಮಾನ್ಯರು ಇನ್ನೂ ಹಲವನ್ನು ಎಣಿಸುತ್ತಾರೆ ಎಂದು ತೋರಿಸಿದರು. ಅವುಗಳಲ್ಲಿ ಎರಡು ಮುಖ್ಯ. ಒಂದು, ದಿಗಿಲು: ಕೈಮೀರಿ ಹೋಗುವಂಥದು, ಒಮ್ಮೆಗೇ ಬಹಳ ಜನರನ್ನು ಬಲಿ ತೆಗೆದುಕೊಳ್ಳುವಂಥದು, ಮುಂದಿನ ಪೀಳಿಗೆಗೂ ತಗಲುವಂಥದು. ಇನ್ನೊಂದು, ಅಪರಿಚಯ: ಕಣ್ಣಿಗೆ ಕಾಣದ್ದು, ಪರಿಣಾಮ ತಡವಾಗಿ ತಿಳಿಯುವಂಥದು, ಹೊಸದು. ಪರಮಾಣು ವಿದ್ಯುತ್ತು ಈ ಎರಡು ಅಳತೆಯಲ್ಲೂ ಮೇಲಿನ ತುದಿಯಲ್ಲಿ ಕೂರುತ್ತದೆ.

ಹೊಗೆ ಬಂದರೆ ಕೆಮ್ಮು ಬರುತ್ತದೆ, ಕಣ್ಣು ಉರಿಯುತ್ತದೆ. ಶರೀರವೇ ಎಚ್ಚರಿಸುತ್ತದೆ. ವಿಕಿರಣಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಸದ್ದಿಲ್ಲ. ಅದು ಇದೆಯೋ ಇಲ್ಲವೋ ಎಂದು ತಿಳಿಯಲು ಉಪಕರಣ ಬೇಕು. ಆ ಉಪಕರಣ ಇರುವುದು ಸ್ಥಾವರದವರ ಕೈಯಲ್ಲಿ. ನಾವು ನಂಬಬೇಕಾದದ್ದು ನಮ್ಮ ಕಣ್ಣುಮೂಗನ್ನಲ್ಲ, ಅವರ ಮಾತನ್ನು. ಕತ್ತಲಲ್ಲಿ ಹಗ್ಗ ಕಂಡರೂ ಹಾವೆನಿಸುವುದು ಸಹಜ. ಆದರೆ ದೀಪ ಇರುವುದು ಇನ್ನೊಬ್ಬರ ಕೈಯಲ್ಲಿ ಎಂದಾಗ ಹೆದರಿಕೆ ಇಮ್ಮಡಿಯಾಗುತ್ತದೆ.

ಸ್ವಾರಸ್ಯವೆಂದರೆ, ವಿಕಿರಣ ನಿಸರ್ಗದಿಂದಲೂ ನಮಗೆ ದಿನವೂ ಬರುತ್ತಿದೆ. ಪ್ರಪಂಚದ ಸರಾಸರಿ ಪ್ರಮಾಣ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್. ನಾವು ತಿನ್ನುವ ಬಾಳೆಹಣ್ಣಿನ ಪೊಟ್ಯಾಸಿಯಂನಲ್ಲೂ ಒಂದಿಷ್ಟು ಇದೆ. ಕೇರಳದ ಕರುನಾಗಪಳ್ಳಿಯ ಕಡಲ ಮರಳಿನಲ್ಲಿ ಥೋರಿಯಂ ಇರುವುದರಿಂದ ಅಲ್ಲಿನ ವಿಕಿರಣ ಇನ್ನೂ ಹಲವು ಪಟ್ಟು ಹೆಚ್ಚು. ಅಲ್ಲಿ ಬಹು ವರ್ಷ ನಡೆದ ಅಧ್ಯಯನದಲ್ಲಿ ಆ ಕಾರಣಕ್ಕೆ ಕ್ಯಾನ್ಸರ್ ಹೆಚ್ಚಿದ್ದು ಕಂಡುಬರಲಿಲ್ಲ. ಆದರೆ ದೇವರು ಕೊಟ್ಟದ್ದಕ್ಕೆ ಹೆದರದ ಮನಸ್ಸು ಮನುಷ್ಯ ಮಾಡಿದ್ದಕ್ಕೆ ಹೆದರುತ್ತದೆ. ಪ್ರಮಾಣ ಎಷ್ಟು ಎನ್ನುವುದಕ್ಕಿಂತ ಎಲ್ಲಿಂದ ಬಂತು ಎನ್ನುವುದೇ ಅದಕ್ಕೆ ಮುಖ್ಯ.

ನೆನಪಿಗೆ ಬೇಗ ಬರುವುದೇ ದೊಡ್ಡದು

1973ರಲ್ಲಿ ಆಮೊಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ ಎಂಬ ಇಬ್ಬರು ಮನೋವಿಜ್ಞಾನಿಗಳು ಒಂದು ಸರಳ ಸಂಗತಿ ಹೇಳಿದರು. ಯಾವ ಘಟನೆ ಥಟ್ಟನೆ ನೆನಪಿಗೆ ಬರುತ್ತದೋ ಅದು ಹೆಚ್ಚು ಸಲ ನಡೆಯುತ್ತದೆಂದು ಮನಸ್ಸು ಭಾವಿಸುತ್ತದೆ. ಕಾನೆಮನ್‌ಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಕೈಗಾದ ತಾರೀಖುಗಳನ್ನು ಈಗ ಜೋಡಿಸಿ ನೋಡಿ. 1984ರ ಡಿಸೆಂಬರ್‌ನಲ್ಲಿ ಭೋಪಾಲ್ ಅನಿಲ ದುರಂತ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್. 1989ರಲ್ಲಿ ಕೈಗಾದ ಕೆಲಸ ಶುರು. ಕಾರ್ಖಾನೆಯಿಂದ ಊರಿಗೆ ಊರೇ ಸಾಯಬಹುದು ಎಂಬುದು ಆಗ ಕಥೆಯಾಗಿರಲಿಲ್ಲ, ಪತ್ರಿಕೆಯ ಮುಖಪುಟದ ಚಿತ್ರವಾಗಿತ್ತು. ಅದೇ 1989ರಲ್ಲಿ ಶಿವರಾಮ ಕಾರಂತರು ಎಂಬತ್ತೇಳರ ವಯಸ್ಸಿನಲ್ಲಿ ಪರಿಸರದ ಪ್ರಶ್ನೆ ಹಿಡಿದು ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಗೆಲ್ಲಲಿಲ್ಲ. ಆದರೆ ಕೈಗಾ ಎಂಬ ಹೆಸರು ಕನ್ನಡದ ಮನೆಮನೆಗೆ ತಲುಪಿತು.

ಹರಿಪುರದ್ದೂ ಇದೇ ಕಥೆ. 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ಸುನಾಮಿ ಅಲೆ ಸ್ಥಾವರಕ್ಕೆ ನುಗ್ಗಿತು. ಐದು ತಿಂಗಳಿಗೆ ಹರಿಪುರ ರದ್ದಾಯಿತು. ಕಡಲಂಚಿನ ಸ್ಥಾವರ, ಕಡಲಿನಿಂದ ಬಂದ ಅಪಾಯ. ಬಂಗಾಳ ಕೊಲ್ಲಿಯ ಚಂಡಮಾರುತ ಕಂಡವರಿಗೆ ಆ ಚಿತ್ರವನ್ನು ವಿವರಿಸಿ ಹೇಳಬೇಕಾಗಿರಲಿಲ್ಲ.

ಕಲ್ಲಿದ್ದಲಿನ ಸಾವು ಹೀಗೆ ಚಿತ್ರವಾಗುವುದಿಲ್ಲ. ಅದು ಒಬ್ಬೊಬ್ಬರನ್ನಾಗಿ, ಆಸ್ಪತ್ರೆಯ ಹಾಸಿಗೆಯಲ್ಲಿ, ಉಬ್ಬಸ ಎಂದೋ ಹೃದಯಾಘಾತ ಎಂದೋ ಬೇರೆ ಹೆಸರಿನಲ್ಲಿ ಬರುತ್ತದೆ. ಒಂದು ಟೆರಾವ್ಯಾಟ್-ಗಂಟೆ, ಅಂದರೆ ನೂರು ಕೋಟಿ ಯೂನಿಟ್ ವಿದ್ಯುತ್ತಿಗೆ ಕಲ್ಲಿದ್ದಲಿನಿಂದ ಆಗುವ ಸಾವು ಸುಮಾರು 24 ಎಂದೂ, ಚೆರ್ನೋಬಿಲ್ ಮತ್ತು ಫುಕುಶಿಮಾ ಸೇರಿಸಿಯೂ ಪರಮಾಣುವಿನಿಂದ ಆಗುವ ಸಾವು 0.03ರಷ್ಟು ಎಂದೂ ಅಂತರರಾಷ್ಟ್ರೀಯ ಅಂದಾಜುಗಳಿವೆ. ರೇಡಿಯೋ ವಾರ್ತೆಯಲ್ಲಿ ಅಪಘಾತಕ್ಕೆ ಜಾಗವಿದೆ. "ಇಂದೂ ಏನೂ ಆಗಲಿಲ್ಲ" ಎಂಬುದಕ್ಕೆ ಯಾವ ವಾರ್ತೆಯಲ್ಲೂ ಜಾಗವಿಲ್ಲ.

ಮಡಿ, ಮೈಲಿಗೆ ಮತ್ತು ವಿಕಿರಣ

ಮಡಿಯಲ್ಲಿ ಬೆಳೆದ ಅಜ್ಜಿಯರನ್ನು ನೀವು ನೋಡಿರುತ್ತೀರಿ. ಮುಟ್ಟಿದ್ದು ಬೆರಳ ತುದಿಯೋ ಇಡೀ ಕೈಯೋ, ಮೈಲಿಗೆ ಮೈಲಿಗೆಯೇ. ಅದಕ್ಕೆ ಪ್ರಮಾಣವಿಲ್ಲ. ಪಾಲ್ ರೋಜಿನ್ ಎಂಬ ಮನೋವಿಜ್ಞಾನಿ ಜನರ ಅಸಹ್ಯ ಭಾವನೆಯನ್ನು ಬಹಳ ವರ್ಷ ಅಧ್ಯಯನ ಮಾಡಿದರು. ಈ ಅಂಟಿನ ಭಾವನೆ ಎಲ್ಲ ದೇಶಗಳ ಮನಸ್ಸಿನಲ್ಲೂ ಇದೆ ಎಂಬುದು ಅವರ ಕಾಣ್ಕೆ. ಚೆನ್ನಾಗಿ ತೊಳೆದು, ಕುದಿಸಿ ಶುದ್ಧ ಮಾಡಿದ ಜಿರಲೆಯನ್ನು ಅದ್ದಿ ತೆಗೆದ ಶರಬತ್ತನ್ನು ವಿದ್ಯಾವಂತರೂ ಕುಡಿಯಲು ಒಪ್ಪುವುದಿಲ್ಲ.

ವಿಕಿರಣದ ವಿಷಯದಲ್ಲಿ ವಿಜ್ಞಾನ "ಎಷ್ಟು?" ಎಂದು ಕೇಳುತ್ತದೆ. ಮನಸ್ಸು "ತಗಲಿತೋ ಇಲ್ಲವೋ?" ಎಂದು ಮಾತ್ರ ಕೇಳುತ್ತದೆ. 1987ರಲ್ಲಿ ಬ್ರೆಜಿಲ್‌ನ ಗೋಯಾನಿಯಾದಲ್ಲಿ ಪಾಳುಬಿದ್ದ ಚಿಕಿತ್ಸಾಲಯದ ಯಂತ್ರದಿಂದ ಸೀಸಿಯಂ ಮೂಲವೊಂದು ಗುಜರಿಗೆ ಹೋಯಿತು. ನಾಲ್ವರು ಸತ್ತರು. ಪರೀಕ್ಷಿಸಿದ್ದು ಸುಮಾರು 1,12,000 ಜನರನ್ನು; ವಿಕಿರಣ ಅಂಟಿದ್ದು 249 ಮಂದಿಗೆ. ಆದರೆ ಆ ಊರಿನವರಿಗೆ ಬೇರೆ ಊರುಗಳಲ್ಲಿ ಹೋಟೆಲ್ ಕೋಣೆ ಸಿಗದಂತಾಯಿತು, ಅಲ್ಲಿಯ ಮಾಲು ಮಾರಾಟವಾಗದಂತಾಯಿತು.

ಜುನ್‌ಪುಟ್ ಕಡೆಯ ಮೀನುಗಾರರ ಅಂಜಿಕೆ ಈಗ ಅರ್ಥವಾಗುತ್ತದೆ. ಅಲ್ಲಿ ಮರಳ ಮೇಲೆ ಮೀನು ಒಣಗಿಸಿ ಮಾರುವುದೇ ಎಷ್ಟೋ ಸಂಸಾರಗಳ ಬದುಕು. ಮೀನಿಗೆ ಏನೂ ಆಗದಿದ್ದರೂ "ಅದು ಅಣುಸ್ಥಾವರದ ಬಳಿಯ ಮೀನಂತೆ" ಎಂಬ ಒಂದು ಮಾತು ಮಾರುಕಟ್ಟೆಯಲ್ಲಿ ಹುಟ್ಟಿದರೆ ಸಾಕು. ಆ ಅಂಜಿಕೆ ವಿಜ್ಞಾನದ ಅಜ್ಞಾನದಿಂದ ಬಂದದ್ದಲ್ಲ, ಗಿರಾಕಿಯ ಮನಸ್ಸಿನ ತಿಳಿವಳಿಕೆಯಿಂದ ಬಂದದ್ದು.

ಹೆಸರಿನ ಮಹಿಮೆ

ನಮ್ಮ ಸಾಲ್ಟ್ ಲೇಕ್‌ನಲ್ಲಿ 1977ರಿಂದ ಸೈಕ್ಲೋಟ್ರಾನ್ ಇದೆ. ಪರಮಾಣು ಇಂಧನ ಇಲಾಖೆಯದೇ ಸಂಸ್ಥೆ. 2018ರಲ್ಲಿ ಕೋಲ್ಕತ್ತದ ಚಕ್‌ಗರಿಯಾದಲ್ಲಿ ವೈದ್ಯಕೀಯ ಸೈಕ್ಲೋಟ್ರಾನ್ ಕೂಡ ಶುರುವಾಯಿತು. ಕ್ಯಾನ್ಸರ್ ಪತ್ತೆಗೆ ಬೇಕಾದ ವಿಕಿರಣಶೀಲ ವಸ್ತುಗಳನ್ನು ಅಲ್ಲಿ ತಯಾರಿಸುತ್ತಾರೆ. ಇದೂ ಪರಮಾಣು ವಿಜ್ಞಾನವೇ. ಆದರೆ ಊರಿನ ನಡುವೆಯೇ ಇದ್ದರೂ ನಮ್ಮ ನಿದ್ದೆ ಕೆಟ್ಟಿಲ್ಲ.

ಸೈಕ್ಲೋಟ್ರಾನ್ ರಿಯಾಕ್ಟರ್ ಅಲ್ಲ, ಅದರ ಅಪಾಯ ಬಹಳ ಕಡಿಮೆ ಎಂಬುದು ನಿಜ. ಆದರೆ ನಾವು ನಿಶ್ಚಿಂತೆಯಿಂದಿರುವುದು ಆ ವ್ಯತ್ಯಾಸವನ್ನು ಅಳೆದು ನೋಡಿ ಅಲ್ಲ. ಒಂದು ವಸ್ತುವಿನ ಬಗ್ಗೆ ಒಳ್ಳೆಯ ಭಾವನೆ ಇದ್ದರೆ ಅದರ ಲಾಭ ಹೆಚ್ಚು, ಅಪಾಯ ಕಡಿಮೆ ಎಂದು ಮನಸ್ಸು ಒಟ್ಟಿಗೇ ತೀರ್ಮಾನಿಸುತ್ತದೆ. ಕೆಟ್ಟ ಭಾವನೆ ಇದ್ದರೆ ಎರಡೂ ತಲೆಕೆಳಗು. ವೈದ್ಯರು ಬರೆದುಕೊಡುವ ಎಂಆರ್‌ಐ ಸ್ಕ್ಯಾನ್‌ನ ಮೂಲ ವಿಜ್ಞಾನದ ಹೆಸರಿನಲ್ಲಿ 'ನ್ಯೂಕ್ಲಿಯರ್' ಎಂಬ ಪದವಿತ್ತು. ಅದರಲ್ಲಿ ಅಪಾಯಕಾರಿ ವಿಕಿರಣವೇನೂ ಇರದಿದ್ದರೂ, ರೋಗಿಗಳು ಬೆದರಬಾರದೆಂದು ಆಸ್ಪತ್ರೆಗಳಲ್ಲಿ ಆ ಪದವನ್ನು ಕೈಬಿಟ್ಟರು. ಹಿರೋಶಿಮಾದ ಅಣಬೆಮೋಡ ಆ ಒಂದು ಪದಕ್ಕೆ ಅಷ್ಟು ಬಲವಾಗಿ ಅಂಟಿಕೊಂಡಿದೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ

ಇಷ್ಟು ಹೊತ್ತು ಹೇಳಿದ್ದೆಲ್ಲ ಒಂದು ತೂಕವಾದರೆ, ನಂಬಿಕೆಯೇ ಇನ್ನೊಂದು ತೂಕ. ನಂಬಿಕೆ ನಿಧಾನವಾಗಿ ಬೆಳೆಯುತ್ತದೆ, ಒಡೆಯುವುದು ಕ್ಷಣದಲ್ಲಿ ಎಂದು ಸ್ಲೋವಿಕ್ 1993ರಲ್ಲಿ ಬರೆದರು. ನಮ್ಮ ಗಾದೆ ಅದನ್ನು ಬಹಳ ಹಿಂದೆಯೇ ಹೇಳಿದೆ.

1994ರ ಮೇ 13ರಂದು ಕೈಗಾದ ಮೊದಲ ಘಟಕದಲ್ಲಿ, ಇನ್ನೂ ಕಟ್ಟುತ್ತಿರುವಾಗಲೇ, ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ಇಂಧನ ತುಂಬಿರಲಿಲ್ಲ, ಹಾಗಾಗಿ ವಿಕಿರಣದ ಪ್ರಶ್ನೆಯೇ ಇರಲಿಲ್ಲ. ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದರು. ಆದರೆ ವಿಕಿರಣ ಹೊರಬರದಂತೆ ತಡೆಯಬೇಕಾದ ಗುಮ್ಮಟವೇ ಬಿತ್ತಲ್ಲ ಎಂಬ ಮಾತು ಉಳಿಯಿತು.

2009ರ ನವೆಂಬರ್‌ನಲ್ಲಿ ಇನ್ನೊಂದು ಘಟನೆ. ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರ್‌ನಲ್ಲಿ ಟ್ರಿಟಿಯಂ ಇದ್ದ ಭಾರಜಲ ಸೇರಿತ್ತು. ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೂತ್ರ ಪರೀಕ್ಷೆಯಲ್ಲಿ ಅದು ಪತ್ತೆಯಾಯಿತು. ಟ್ರಿಟಿಯಂ ಮೂತ್ರದಲ್ಲಿ ಹೊರಹೋಗುತ್ತದೆ, ಸುಮಾರು ಹತ್ತು ದಿನಕ್ಕೆ ಅರ್ಧದಷ್ಟು ಕಡಿಮೆಯಾಗುತ್ತದೆ. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಆದರೆ ಒಳಗಿನವರೇ ಯಾರೋ ಬೇಕೆಂದೇ ಬೆರೆಸಿರಬೇಕೆಂದು ಅಧಿಕಾರಿಗಳೇ ಹೇಳಿದರು. ಯಂತ್ರ ಗಟ್ಟಿಯಿದೆ ಎಂದು ಎಷ್ಟು ಹೇಳಿದರೂ, ಯಂತ್ರದ ಬಳಿ ನಿಂತ ಮನುಷ್ಯನ ಬಗ್ಗೆ ಏನು ಹೇಳುವುದು?

ಈಗ ಗಡಿಗೆಯ ಇನ್ನೊಂದು ಮುಖ ನೋಡಿ. ಅದೇ ಕೈಗಾದ ಅದೇ ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ ಎಡೆಬಿಡದೆ 962 ದಿನ ನಡೆಯಿತು. ಆಗ ಅದು ವಿಶ್ವದಾಖಲೆ. 2018ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಸ್ಥಾವರವೊಂದರ ದಾಖಲೆಯನ್ನು ಅದು ಮುರಿದ ತಿಂಗಳಲ್ಲೇ ಐದು ಮತ್ತು ಆರನೆಯ ಘಟಕಗಳಿಗಾಗಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಜನ ಬಂದು ವಿರೋಧಿಸಿದರು. ಒಂಬೈನೂರಕ್ಕೂ ಹೆಚ್ಚು ದಿನಗಳ ನಿರ್ವಿಘ್ನ ಕೆಲಸಕ್ಕಿಂತ ಒಂದು ಕೂಲರ್ ನೀರು ತಕ್ಕಡಿಯಲ್ಲಿ ಭಾರವಾಗಿತ್ತು.

ಹರಿಪುರದಲ್ಲಿ ನಂಬಿಕೆ ಮುರಿದದ್ದು ಪರಮಾಣುವಿನಿಂದಲ್ಲ. ಅದೇ ಜಿಲ್ಲೆಯ ನಂದಿಗ್ರಾಮದಲ್ಲಿ 2007ರ ಮಾರ್ಚ್ 14ರಂದು ಭೂಸ್ವಾಧೀನದ ಗಲಾಟೆಯಲ್ಲಿ ಪೊಲೀಸ್ ಗುಂಡಿಗೆ ಜನ ಸತ್ತರು. ಅಲ್ಲಿಗೆ ಕಟ್ಟಲು ಹೊರಟಿದ್ದುದು ರಾಸಾಯನಿಕ ಕೇಂದ್ರ. ಆದರೆ ಹರಿಪುರದ ರೈತನಿಗೆ ಯೋಜನೆ ಎಂದರೆ ಯೋಜನೆ, ಸರ್ಕಾರ ಎಂದರೆ ಸರ್ಕಾರ.

ತಜ್ಞರಿಗೂ ಮನಸ್ಸಿದೆ

ಮನೋವಿಜ್ಞಾನ ಜನಸಾಮಾನ್ಯರಿಗೆ ಮಾತ್ರ ಅನ್ವಯಿಸುತ್ತದೆಂದು ತಿಳಿದರೆ ತಪ್ಪು. ತಾನು ಕಟ್ಟಿದ್ದು ಕೆಡುವುದಿಲ್ಲ ಎಂಬ ಅತಿವಿಶ್ವಾಸ ಇಂಜಿನಿಯರಿಗೂ ಇರುತ್ತದೆ. ಫುಕುಶಿಮಾದಲ್ಲಿ ಸುನಾಮಿ ತಡೆಗೋಡೆ ಸಾಕಷ್ಟು ಎತ್ತರವಿರಲಿಲ್ಲ. ತಮಗೆ ಒಪ್ಪಿಗೆಯಾದ ಅಂಕಿಗಳನ್ನು ಮಾತ್ರ ಕಾಣುವ ಕಣ್ಣು ಚಳವಳಿಗಾರರಿಗೂ ಇದೆ, ಅಧಿಕಾರಿಗಳಿಗೂ ಇದೆ. ಇನ್ನಷ್ಟು ಕರಪತ್ರ ಹಂಚಿದರೆ ಜನ ಒಪ್ಪಿಬಿಡುತ್ತಾರೆ ಎಂಬುದೂ ಒಂದು ಭ್ರಮೆಯೇ. ಕೇಳಿದ ಪ್ರಶ್ನೆ "ನಿಮ್ಮನ್ನು ಯಾಕೆ ನಂಬಬೇಕು?" ಎಂದಿರುವಾಗ, ಮಿಲಿಸೀವರ್ಟ್ ಉತ್ತರವಾಗುವುದಿಲ್ಲ.

ಹೆದರಿಕೆಗೂ ಬೆಲೆ ತೆರಬೇಕು ಎಂಬುದನ್ನು ಮಾತ್ರ ಮರೆಯಬಾರದು. ಫುಕುಶಿಮಾ ಪ್ರಾಂತದಲ್ಲಿ ಮನೆ ಬಿಟ್ಟು ಹೊರಟ ಅವಸರ, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಾಟ, ಒಂಟಿತನ, ಕೊರಗು ಇವುಗಳಿಂದ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರೆಂದು ಅಲ್ಲಿನ ಆಡಳಿತ ಲೆಕ್ಕವಿಟ್ಟಿದೆ. ಬಹುತೇಕರು ವಯಸ್ಸಾದವರು. ವಿಕಿರಣದಿಂದ ಆದ ಸಾವೆಂದು 2018ರಲ್ಲಿ ಜಪಾನ್ ಸರ್ಕಾರ ಒಪ್ಪಿದ್ದು ಒಬ್ಬ ಕೆಲಸಗಾರನದು. ಚೆರ್ನೋಬಿಲ್‌ನಲ್ಲಿ ಹಾಲಿನ ಮೂಲಕ ಮಕ್ಕಳ ಥೈರಾಯ್ಡ್ ಗ್ರಂಥಿಗೆ ಆದ ಹಾನಿ ನಿಜ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೂ ವಿಶ್ವ ಆರೋಗ್ಯ ಸಂಸ್ಥೆ ಸೇರಿದಂತೆ ಹಲವು ಸಂಸ್ಥೆಗಳ ಕೂಟ 2005ರಲ್ಲಿ ಹೇಳಿದ್ದು, ಆ ದುರಂತದಿಂದ ಉಳಿದ ಅತಿ ದೊಡ್ಡ ಸಾರ್ವಜನಿಕ ಆರೋಗ್ಯ ಸಮಸ್ಯೆ ಮಾನಸಿಕವಾದದ್ದು ಎಂದು.

ಹಾಗಾದರೆ ನಾವೇನು ಮಾಡಬೇಕು?

2025ರ ಕೇಂದ್ರ ಬಜೆಟ್ಟಿನಲ್ಲಿ 2047ಕ್ಕೆ 100 ಗಿಗಾವ್ಯಾಟ್ ಪರಮಾಣು ವಿದ್ಯುತ್ತಿನ ಗುರಿ ಇಟ್ಟರು. ಆಗ ದೇಶದಲ್ಲಿ ಇದ್ದದ್ದು ಸುಮಾರು 8 ಗಿಗಾವ್ಯಾಟ್. ಅಂದರೆ ಇನ್ನೂ ಎಷ್ಟೋ ಊರುಗಳ ಬಾಗಿಲಿಗೆ ಈ ಪ್ರಶ್ನೆ ಬರಲಿದೆ. ಅದು ನಿಮ್ಮ ತವರೂರೂ ಆಗಬಹುದು.

ಆಗ ಬೇಕು, ಬೇಡ ಎನ್ನುವ ಮೊದಲು ಎರಡು ಗುಂಪು ಪ್ರಶ್ನೆಗಳನ್ನು ಬೇರೆ ಮಾಡಿಕೊಳ್ಳಿ. ಮೊದಲನೆಯದು ನಮ್ಮ ಮನಸ್ಸಿಗೆ: ನಾನು ಹೆದರುತ್ತಿರುವುದು ಪ್ರಮಾಣಕ್ಕೋ, ಹೆಸರಿಗೋ? ಈ ಸ್ಥಾವರ ಬೇಡವೆಂದರೆ ಆ ವಿದ್ಯುತ್ತು ಎಲ್ಲಿಂದ ಬರುತ್ತದೆ, ಅದರ ಹೊಗೆ ಯಾರ ಮನೆಗೆ ಹೋಗುತ್ತದೆ? ಎರಡನೆಯದು ಕಟ್ಟುವವರಿಗೆ: ವಿಕಿರಣ ಅಳೆಯುವ ಉಪಕರಣವನ್ನು ಊರವರ ಕೈಗೂ ಕೊಡುತ್ತೀರಾ? ಸಣ್ಣ ತಪ್ಪು ನಡೆದರೂ ಅದೇ ದಿನ ಹೇಳುತ್ತೀರಾ? ನೆಲ ಕಳೆದುಕೊಂಡವರಿಗೆ ಕೊಟ್ಟ ಮಾತು ಎಷ್ಟು ನಡೆದಿದೆ? ತ್ಯಾಜ್ಯವನ್ನು ಎಲ್ಲಿ ಇಡುತ್ತೀರಿ?

ಮೊದಲ ಗುಂಪಿನ ಪ್ರಶ್ನೆ ಕೇಳಿಕೊಳ್ಳದವನು ಗಾಳಿಮಾತಿಗೆ ಸಿಗುತ್ತಾನೆ. ಎರಡನೆಯ ಗುಂಪಿನ ಪ್ರಶ್ನೆ ಕೇಳದವನು ಇನ್ನೊಬ್ಬರ ಅತಿವಿಶ್ವಾಸಕ್ಕೆ ಸಿಗುತ್ತಾನೆ. ಎರಡನ್ನೂ ಕೇಳಿದ ಮೇಲೆ ಬೇಕೆಂದರೂ ಸರಿ, ಬೇಡವೆಂದರೂ ಸರಿ, ಅದು ನಿಮ್ಮದೇ ತೀರ್ಮಾನ.

ಕಾರವಾರ, ಯಲ್ಲಾಪುರ, ಜೋಯಿಡಾ ಕಡೆಯಿಂದ ಬಂದು ಈ ಊರಿನಲ್ಲಿ ನೆಲೆಸಿದವರು ನಮ್ಮ ಕೇಳುಗರಲ್ಲಿ ಇದ್ದರೆ, ನಿಮ್ಮ ಮನೆಯ ಹಿರಿಯರು ಕೈಗಾ ಬಗ್ಗೆ ಏನು ಹೇಳುತ್ತಾರೆಂದು ಒಂದು ಸಾಲು ಬರೆದು ಕಳಿಸಿ. ಒಪ್ಪಿಗೆಯ ಪತ್ರಕ್ಕೂ ಜಗಳದ ಪತ್ರಕ್ಕೂ ನಮ್ಮಲ್ಲಿ ಒಂದೇ ಸ್ವಾಗತ.